ಪಿಯು ಗಣಿತ, ಎ-ಲೆವೆಲ್ ಗಣಿತ: ಎರಡೂ ಕಡೆ ಪಾಠ ಮಾಡಿದ ಅನುಭವ

ಹಾಸನದಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದ ನಾನು ಆಮೇಲೆ ಕೆಲವು ವರ್ಷ ಇಂಗ್ಲೆಂಡಿನಲ್ಲಿ ಎ-ಲೆವೆಲ್ (ನಮ್ಮ ಪಿಯು ಮಟ್ಟದ ಅಲ್ಲಿನ ಕೋರ್ಸ್) ಮಕ್ಕಳಿಗೆ ಪಾಠ ಮಾಡಿದೆ. ಈಗ ಮತ್ತೆ ಪಿಯು ಕ್ಲಾಸಿಗೆ ಬಂದಿದ್ದೇನೆ. "ಎಲ್ಲಿ ಗಣಿತ ಕಷ್ಟ ಮೇಡಂ?" ಎಂದು ಪೋಷಕರು ಕೇಳುತ್ತಾರೆ. ಪಠ್ಯ ನೋಡಿ ಇದನ್ನು ಹೇಳಲಾಗದು. ಮ್ಯಾಟ್ರಿಕ್ಸ್ ನಮ್ಮಲ್ಲಿ ಗಣಿತ ಓದುವ ಎಲ್ಲರಿಗೂ ಇದೆ. ಅಲ್ಲಿ ಗಣಿತದ ಜೊತೆಗೆ 'ಫರ್ದರ್ ಮ್ಯಾಥ್ಸ್' ಎಂಬ ಇನ್ನೊಂದು ವಿಷಯ ತೆಗೆದುಕೊಂಡವರಿಗೆ ಮಾತ್ರ. ಮೆಕ್ಯಾನಿಕ್ಸ್ ಅಲ್ಲಿ ಗಣಿತದೊಳಗೇ ಬರುತ್ತದೆ, ಇಲ್ಲಿ ಅದು ಫಿಸಿಕ್ಸ್ ಮೇಷ್ಟ್ರ ಪಾಲು. ನನಗೆ ದೊಡ್ಡದಾಗಿ ಕಂಡ ವ್ಯತ್ಯಾಸ ಬೇರೆ: ಉತ್ತರ ಬಂದ ಮೇಲೂ ಪ್ರಶ್ನೆ ಮುಂದುವರಿಯುತ್ತದಾ?

ಎರಡೂ ಕಡೆ ಕೊಟ್ಟ ಒಂದು ಲೆಕ್ಕ ಹೇಳುತ್ತೇನೆ. ಕಾಫಿ 80 ಡಿಗ್ರಿ ಬಿಸಿ, ಕೋಣೆ 20 ಡಿಗ್ರಿ. 10 ನಿಮಿಷಕ್ಕೆ ಕಾಫಿ 50ಕ್ಕೆ ಇಳಿಯಿತು. ಕಾಫಿಗೂ ಕೋಣೆಗೂ ಬಿಸಿಯ ಅಂತರ ಜಾಸ್ತಿ ಇದ್ದಷ್ಟೂ ಅದೇ ಪ್ರಮಾಣದಲ್ಲಿ ಬೇಗ ಆರುತ್ತದೆ. 20 ನಿಮಿಷಕ್ಕೆ ಎಷ್ಟಿರುತ್ತದೆ?

ನಮ್ಮ ಮಕ್ಕಳು ಸಮೀಕರಣ ಬರೆದು, ಇಂಟಿಗ್ರೇಟ್ ಮಾಡಿ, ಎಷ್ಟು ಬೇಗ ಆರುತ್ತದೆ ಎಂದು ಹೇಳುವ ಸ್ಥಿರಾಂಕವನ್ನು ಲಾಗ್ 2 ಭಾಗಿಸು 10 ಎಂದೇ ಇಟ್ಟುಕೊಂಡು 35 ಡಿಗ್ರಿ ಎನ್ನುತ್ತಾರೆ. ಕ್ಯಾಲ್ಕುಲೇಟರ್ ಇಲ್ಲದ ಈ ಕೈ ನನಗೆ ಬಹಳ ಇಷ್ಟ. ಇಂಗ್ಲೆಂಡಿನಲ್ಲಿ 2017ರಲ್ಲಿ ಶುರುವಾದ ಪಠ್ಯದಲ್ಲಿ ಎಲ್ಲ ಪೇಪರಿಗೂ ಕ್ಯಾಲ್ಕುಲೇಟರ್ ಇದೆ. ನನ್ನ ಮಕ್ಕಳು ಲಾಗ್ ಕಂಡ ಕೂಡಲೇ 0.0693 ಮಾಡಿಬಿಡುತ್ತಿದ್ದರು. 60 ಇದ್ದ ಅಂತರ 30 ಆಗಿ, 30 ಇದ್ದದ್ದು 15 ಆಗುವ ಸೊಗಸು ಅಲ್ಲೇ ಮುಚ್ಚಿಹೋಗುತ್ತಿತ್ತು. ಹಾಗಾಗಿ ಮೊದಲು ಕ್ಯಾಲ್ಕುಲೇಟರ್ ಬ್ಯಾಗಿಗೆ ಹಾಕಿಸಿ ಲೆಕ್ಕ ಮಾಡಿಸುತ್ತಿದ್ದೆ.

ಆದರೆ ಅಲ್ಲಿನ ಪೇಪರುಗಳಲ್ಲಿ ಇಂಥ ಲೆಕ್ಕದ ಕೊನೆಗೆ ಇನ್ನೊಂದು ಸಾಲು ಬರುವುದುಂಟು: ಈ ಮಾದರಿಯ ಒಂದು ಮಿತಿ ಹೇಳಿ. ಅಂದರೆ, ನಾವು ಬರೆದ ಸಮೀಕರಣ ನಿಜಕ್ಕೆ ಎಲ್ಲಿ ಹೊಂದುವುದಿಲ್ಲ? ಹಾಸನದಲ್ಲಿ ಇದನ್ನು ಕೇಳಿದಾಗ ಕ್ಲಾಸು ಸುಮ್ನೆ ಕೂತಿತು. "ಇದು ಸಿಲಬಸ್ಸಲ್ಲಿದೆಯಾ ಮೇಡಂ?" ಎಂದ ಒಬ್ಬ. ಸ್ವಲ್ಪ ಹೊತ್ತಾದ ಮೇಲೆ ಒಬ್ಬಳು, "ಮಧ್ಯದಲ್ಲಿ ಫ್ಯಾನ್ ಹಾಕಿದ್ರೆ ಬೇಗ ಆರುತ್ತಲ್ಲಾ? ಆಗ ಆ ಲಾಗ್ 2 ಹಾಗೇ ಇರುತ್ತಾ?" ಎಂದಳು. ಎಂಥಾ ಪ್ರಶ್ನೆ! ಸ್ಥಿರಾಂಕ ಸ್ಥಿರವಾಗಿರುತ್ತದೆ ಎಂದು ನಾವೇ ಒಪ್ಪಿಕೊಂಡಿದ್ದೆವು ಎನ್ನುವುದು ಅವತ್ತು ಇಡೀ ಕ್ಲಾಸಿಗೆ ಹೊಳೆಯಿತು.

ಮಕ್ಕಳಿಗೆ ಯೋಚನೆ ಬರಲ್ಲ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ. ಅಲ್ಲಿ ಸಾಮಾನ್ಯವಾಗಿ ಮೂರು ವಿಷಯ ಓದಿದರೆ ಸಾಕು, ಇಲ್ಲಿ ಎರಡು ಭಾಷೆ ಸೇರಿ ಆರು. ನಿಂತು ಯೋಚಿಸಲು ಪುರುಸೊತ್ತೆಲ್ಲಿ?

ಈಗ ವಾರಕ್ಕೊಂದು ಲೆಕ್ಕಕ್ಕೆ ಆ ಕೊನೆಯ ಸಾಲು ಸೇರಿಸುತ್ತೇನೆ. ಕ್ಲಾಸ್ ಟೆಸ್ಟಿನಲ್ಲಿ ಇನ್ನೊಂದು ಪದ್ಧತಿ ತಂದಿದ್ದೇನೆ. ಹಂತಕ್ಕೆ ಮಾರ್ಕ್ಸ್ ನಮ್ಮಲ್ಲೂ ಇದೆ. ಅದರ ಜೊತೆಗೆ, ಮೊದಲ ಭಾಗದ ಉತ್ತರ ತಪ್ಪಾಗಿದ್ದರೂ ಅದನ್ನೇ ಹಿಡಿದು ಎರಡನೇ ಭಾಗವನ್ನು ಸರಿಯಾಗಿ ಮಾಡಿದ್ದರೆ, ಆ ಭಾಗಕ್ಕೆ ಮಾರ್ಕ್ಸ್ ಕೊಡುತ್ತೇನೆ. ಅಲ್ಲಿ ಎಷ್ಟೋ ಪ್ರಶ್ನೆಗಳಿಗೆ ಹೀಗೇ ತಿದ್ದುತ್ತಾರೆ. ಅರ್ಧಕ್ಕೆ ಬಿಟ್ಟು ಖಾಲಿ ಹಾಳೆ ಕೊಡುತ್ತಿದ್ದವರು ಈಗ ಕೊನೆವರೆಗೂ ಬರೆಯುತ್ತಾರೆ.

ಜನವರಿ ಕಳೆದ ಮೇಲೆ ಕೊನೆಯ ಸಾಲಿನ ಲೆಕ್ಕ ನಿಲ್ಲಿಸುತ್ತೇನೆ. ಆಗ ಮಕ್ಕಳಿಗೆ ಸ್ಪೀಡ್ ಬೇಕು, ಅದನ್ನೂ ನಾನೇ ಕಲಿಸಬೇಕು.