ಬಲ್ಬು ಉರಿಯುತ್ತಿರುವಾಗಲೇ ಅಳೆಯಬೇಕು: ವೋಲ್ಟ್, ಆಂಪಿಯರ್‌ನಿಂದ ಓಮ್, ವ್ಯಾಟ್

ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್, ಎರಡನ್ನೂ ಗುಣಿಸಿದರೆ ಪವರ್. ಲೆಕ್ಕ ಇಷ್ಟೇ. ಎಡವಟ್ಟಾಗುವುದು ಅಳತೆಯಲ್ಲಿ.

12 ವೋಲ್ಟ್, 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನೇ ತಗೊಳ್ಳಿ. ಬಿಚ್ಚಿಟ್ಟ ಬಲ್ಬಿಗೆ ಮಲ್ಟಿಮೀಟರನ್ನು ಓಮ್ ರೇಂಜಿಗಿಟ್ಟು ಪ್ರೋಬ್ ಮುಟ್ಟಿಸಿದರೆ ಮೀಟರ್ ಒಂದು ಓಮ್‌ನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದರಲ್ಲೂ 0.2, 0.3 ಓಮ್ ಪ್ರೋಬ್ ವೈರುಗಳದ್ದೇ. ಎರಡು ಪ್ರೋಬ್ ತುದಿಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, ಗೊತ್ತಾಗುತ್ತದೆ. ಅದನ್ನು ಕಳೆದು ಉಳಿದದ್ದು 0.6 ಓಮ್ ಎಂದಿಟ್ಟುಕೊಂಡರೆ ಲೆಕ್ಕಕ್ಕೆ 20 ಆಂಪಿಯರ್, 240 ವ್ಯಾಟ್ ಬರುತ್ತದೆ! ಮೀಟರಿನ ತಪ್ಪಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿಯ ರೆಸಿಸ್ಟೆನ್ಸ್ ತಣ್ಣಗಿದ್ದಾಗ ಅಷ್ಟೇ ಇರುತ್ತದೆ, ಕಾದು ಬೆಳಗುವಾಗ ಹತ್ತು ಪಟ್ಟಿಗೂ ಮೇಲೆ ಏರುತ್ತದೆ. ಸವೆದ ಬಲ್ಬು ಸಾಮಾನ್ಯವಾಗಿ ಸ್ವಿಚ್ ಒತ್ತಿದ ಕ್ಷಣದಲ್ಲೇ ಹೋಗುವುದೂ ಇದಕ್ಕೇ, ತಣ್ಣಗಿನ ತಂತಿಗೆ ಕರೆಂಟ್ ಒಮ್ಮೆಲೇ ಹೆಚ್ಚು ನುಗ್ಗುತ್ತದೆ.

ಹಾಗಾಗಿ ನಾನು ಬಲ್ಬು ಉರಿಯುತ್ತಿರುವಾಗಲೇ ಅಳೆಯುತ್ತೇನೆ. ಒಂದು ಕಡೆ ವೈರ್ ಬಿಡಿಸಿ, ಮೀಟರನ್ನು 10 ಆಂಪಿಯರ್ ರೇಂಜಿಗಿಟ್ಟು ಸೀರೀಸ್‌ನಲ್ಲಿ, ಅಂದರೆ ಬಲ್ಬಿನ ಕರೆಂಟ್ ಮೀಟರಿನ ಮೂಲಕವೇ ಹರಿಯುವಂತೆ, ಸೇರಿಸುತ್ತೇನೆ. ಇನ್ನೊಂದು ಮೀಟರ್ ಬಲ್ಬಿನ ಎರಡೂ ಕಾಲುಗಳಿಗೆ. ಕರೆಂಟ್ 1.7 ಆಂಪಿಯರ್, ವೋಲ್ಟೇಜ್ 11.9 ಬಂದರೆ ರೆಸಿಸ್ಟೆನ್ಸ್ 7 ಓಮ್, ಪವರ್ 20.2 ವ್ಯಾಟ್.

ವೋಲ್ಟೇಜನ್ನು ಬ್ಯಾಟರಿ ಮೇಲೆ ನೋಡಬೇಡಿ. ಅಲ್ಲಿ 12.4 ಇದ್ದು ಬಲ್ಬಿನ ಹತ್ತಿರ 11.9 ಇದ್ದರೆ, ನಡುವಿನ ಅರ್ಧ ವೋಲ್ಟ್ ವೈರು, ಕನೆಕ್ಟರು, ಸೀರೀಸ್‌ನಲ್ಲಿರುವ ಮೀಟರು ಮತ್ತು ಅದರ ಪ್ರೋಬ್ ವೈರುಗಳ ಪಾಲು. 0.5 ಭಾಗಿಸು 1.7, ಅಂದರೆ ಸುಮಾರು 0.3 ಓಮ್. ಅಲ್ಲಿ ಪೋಲಾಗುವುದು 0.85 ವ್ಯಾಟ್. ಇಷ್ಟೂ ಒಂದೇ ತುಕ್ಕು ಹಿಡಿದ ಪಿನ್ನಿನಲ್ಲಿ ಕೂತಿದ್ದರೆ ಆ ಪಿನ್ ಬಿಸಿಯಾಗುವುದು ಕೈಗೇ ತಿಳಿಯುತ್ತದೆ. ಹಾಳಾದ ಜಾಯಿಂಟ್ ಹುಡುಕಲು ಇದಕ್ಕಿಂತ ಸುಲಭದ ದಾರಿ ನನಗಂತೂ ಬೇಕಾಗಿಲ್ಲ.

ಕರೆಂಟ್ ಅಳೆದಾದ ಮೇಲೆ ಕೆಂಪು ಪ್ರೋಬನ್ನು ವೋಲ್ಟ್ ಸಾಕೆಟ್‌ಗೆ ವಾಪಸ್ ಹಾಕಲೇಬೇಕು. ಮರೆತು ಬ್ಯಾಟರಿಗೆ ಮುಟ್ಟಿಸಿದರೆ ಅದು ನೇರ ಶಾರ್ಟ್. ಮಿಲಿ ಆಂಪಿಯರ್ ಸಾಕೆಟ್ಟಾದರೆ ಫ್ಯೂಸ್ ಹೋಗುತ್ತದೆ. ಅಗ್ಗದ ಮೀಟರುಗಳ 10 ಆಂಪಿಯರ್ ಸಾಕೆಟ್‌ಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ.

ಇನ್ನೊಂದು ಎಡವುವ ಜಾಗ ಮಿಲಿ. 12 ವೋಲ್ಟಿನಲ್ಲಿ 24 ಮಿಲಿ ಆಂಪಿಯರ್ ಹರಿದರೆ 12 ಭಾಗಿಸು 24 ಎಂದು 0.5 ಓಮ್ ಬರೆದುಬಿಡುತ್ತಾರೆ. ಅದು 0.5 ಕಿಲೋ ಓಮ್, ಅಂದರೆ 500 ಓಮ್. ಪವರ್ 288 ಮಿಲಿ ವ್ಯಾಟ್. ಕಾಲು ವ್ಯಾಟಿನ ರೆಸಿಸ್ಟರ್ ತಡೆಯುವುದು 250 ಮಾತ್ರ. ತಕ್ಷಣ ಸುಡದಿದ್ದರೂ ಬಣ್ಣ ಕಂದಿ, ಅದರ ಓಮ್ ಮೌಲ್ಯ ಬದಲಾಗುತ್ತಾ ಹೋಗುತ್ತದೆ. ಗಾಳಿಯಾಡುವಲ್ಲಿ ಅರ್ಧ ವ್ಯಾಟಿನದು ಸಾಕು, ಮುಚ್ಚಿದ ಡಬ್ಬಿಯೊಳಗೆ ನಾನು ಒಂದು ವ್ಯಾಟಿನದನ್ನೇ ಹಾಕುವುದು.

ಎಸಿ ಮೋಟಾರಿಗೆ ಈ ಗುಣಾಕಾರ ನೇರವಾಗಿ ನಡೆಯದು. 230 ವೋಲ್ಟ್, 2 ಆಂಪಿಯರ್ ಎಂದರೆ 460 ವೋಲ್ಟ್-ಆಂಪಿಯರ್. ಪವರ್ ಫ್ಯಾಕ್ಟರ್, ಅಂದರೆ ಅದರಲ್ಲಿ ನಿಜವಾದ ಪವರಿನ ಪಾಲು, 0.8 ಇದ್ದರೆ ನಿಜವಾದ ಪವರ್ 368 ವ್ಯಾಟ್. ಅಲ್ಲಿ ವೈರ್ ಬಿಡಿಸಿ ಮೀಟರ್ ತೂರಿಸುವ ಸಾಹಸವೂ ಬೇಡ, ವೈರನ್ನು ಹೊರಗಿನಿಂದ ಸುತ್ತಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರ್ ಬಳಸಿ, ಒಂದೇ ವೈರನ್ನು ಹಿಡಿದು. ಎರಡನ್ನೂ ಸೇರಿಸಿ ಹಿಡಿದರೆ ಹೋಗುವ, ಬರುವ ಕರೆಂಟ್ ವಜಾ ಆಗಿ ಸೊನ್ನೆ ತೋರಿಸುತ್ತದೆ.