ಅಭ್ಯಾಸದ ಜೊತೆಗೇ ಟೆಸ್ಟ್ ಓಡಿಸುವ ಸೂಚನೆ: ನನ್ನ ಅನುಭವ

ಮಂಡ್ಯದಲ್ಲಿ ವಾರಾಂತ್ಯಕ್ಕೆ ಪೈಥಾನ್ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಡಿಪ್ಲೊಮಾ, ಬಿಸಿಎ ಓದುವ ಮಕ್ಕಳು ಮದ್ದೂರು, ಪಾಂಡವಪುರದ ಕಡೆಯಿಂದ ರೈಲಿನಲ್ಲಿ ಬರುತ್ತಾರೆ. ಒಂದೊಂದು ಅಭ್ಯಾಸಕ್ಕೂ ಒಂದೊಂದು ಫೋಲ್ಡರ್. ಅದರೊಳಗೆ ಪ್ರಶ್ನೆಯ ರೀಡ್‌ಮಿ, ಅರ್ಧ ಬರೆದ ಕೋಡ್, ಬರೆದ ಕೋಡ್ ಸರಿಯೇ ಎಂದು ಪರೀಕ್ಷಿಸುವ ಟೆಸ್ಟ್ ಫೈಲ್. ಲ್ಯಾಬಿನಲ್ಲಿ ಎಲ್ಲ ಸಲೀಸು. ಊರಿಗೆ ಹೋಗಿ ಲ್ಯಾಪ್‌ಟಾಪ್ ತೆಗೆದ ಮೇಲೆ, "ಸಾರ್, ಟೆಸ್ಟ್ ಹೆಂಗ್ ಓಡ್ಸೋದು?" ಲೆಕ್ಕ ಬಿಡಿಸಿದ್ದರೂ ಅದು ಸರಿಯೋ ತಪ್ಪೋ ತಿಳಿಯದೆ ಕೈಬಿಟ್ಟವರಿದ್ದರು. ಅದು ನನಗೆ ತೀರಾ ಸಂಕಟದ ವಿಷಯ. ಅದಕ್ಕೇ ಪ್ರತಿ ರೀಡ್‌ಮಿಯಲ್ಲೂ, ಪ್ರಶ್ನೆಯ ಕೆಳಗೇ, ಟೆಸ್ಟ್ ಓಡಿಸುವ ಭಾಗ ಸೇರಿಸಿದೆ.

ಕಮಾಂಡ್ ಬರೆಯುವುದು ಸುಲಭದ ಪಾಲು. ಟೆಸ್ಟ್ ಓಡಿಸುವ ಸಾಧನದ ಹೆಸರು ಪೈಟೆಸ್ಟ್. ಬರೀ 'ಪೈಟೆಸ್ಟ್' ಎಂದು ಬರೆಯದೆ, ಲಿನಕ್ಸ್‌ಗೆ 'ಪೈಥಾನ್3 -ಎಂ ಪೈಟೆಸ್ಟ್', ವಿಂಡೋಸ್‌ಗೆ 'ಪಿವೈ -ಎಂ ಪೈಟೆಸ್ಟ್' ಎಂದು ಬರೆದು, ಮುಂದೆ ಆ ಅಭ್ಯಾಸದ ಟೆಸ್ಟ್ ಫೈಲಿನ ಹೆಸರನ್ನೇ ಕೊಟ್ಟೆ. ಒಂದೇ ಯಂತ್ರದಲ್ಲಿ ಎರಡು ಪೈಥಾನ್ ಇದ್ದಾಗ ಪೈಟೆಸ್ಟ್ ಒಂದರಲ್ಲಿ, ಓಡುವುದು ಇನ್ನೊಂದರಲ್ಲಿ ಆಗುವ ಗೋಜಲು ಇದರಿಂದ ತಪ್ಪುತ್ತದೆ. ವಿಂಡೋಸ್‌ನಲ್ಲಿ ಪಾತ್‌ಗೆ (ಸಿಸ್ಟಮ್ ಕಮಾಂಡ್ ಹುಡುಕುವ ಜಾಗಗಳ ಪಟ್ಟಿಗೆ) ಪೈಥಾನ್ ಸೇರಿಸುವ ಗುರುತು ಹಾಕದೆ ಇನ್‌ಸ್ಟಾಲ್ ಮಾಡಿದವರಿಗೂ 'ಪಿವೈ' ಕೆಲಸ ಮಾಡುತ್ತದೆ. ಉಬುಂಟು 24.04 ಇರುವವರಿಗೆ ಇನ್ನೊಂದು ಸಾಲು ಬೇಕಾಯಿತು: ಅಲ್ಲಿ ಪೈಟೆಸ್ಟ್ ಹಾಕಿಕೊಳ್ಳಲು ನೇರವಾಗಿ ಪಿಪ್ (ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಕಮಾಂಡ್) ಬಳಸಲು ಹೋದರೆ ಸಿಸ್ಟಮ್ ತಡೆಯುತ್ತದೆ, ಮೊದಲು ವೆನ್ವ್, ಅಂದರೆ ಪ್ಯಾಕೇಜ್‌ಗಳಿಗೆ ಪ್ರತ್ಯೇಕ ಜಾಗ, ಮಾಡಿಕೊಳ್ಳಬೇಕು. ವಿಂಡೋಸ್ ಫೈಲ್ ಹೆಸರಿನ ಬಾಲ (ಎಕ್ಸ್‌ಟೆನ್ಷನ್) ಮುಚ್ಚಿಡುವುದರಿಂದ ನೋಟ್‌ಪ್ಯಾಡಿನಲ್ಲಿ 'ಲೀಪ್.ಪಿವೈ' ಎಂದು ಉಳಿಸಿದ್ದು 'ಲೀಪ್.ಪಿವೈ.ಟಿಎಕ್ಸ್‌ಟಿ' ಆಗಿರಬಹುದು ಎಂಬುದನ್ನೂ ಸೇರಿಸಿದೆ.

ಹೆಚ್ಚು ಹೊತ್ತು ಹಿಡಿದದ್ದು ಕಮಾಂಡಿನ ನಂತರದ್ದು. ಕೋಡ್ ಬರೆಯುವ ಮುಂಚೆ ಟೆಸ್ಟ್ ಓಡಿಸಿದರೆ ಎಲ್ಲವೂ ಕೆಂಪಾಗಿಯೇ ಬರಬೇಕು. ಹೊಸಬರಿಗೆ ಅದು ಗೊತ್ತಿರುವುದಿಲ್ಲ. ಏನೋ ಕೆಡಿಸಿಬಿಟ್ಟೆವೆಂದು ಕಿಟಕಿ ಮುಚ್ಚಿಬಿಡುತ್ತಾರೆ. ಹಾಗಾಗಿ "ಈಗ ಫೇಲ್ ಆಗುವುದೇ ಸರಿ, ಹೆದರಬೇಡಿ" ಎಂದು ದಪ್ಪಕ್ಷರದಲ್ಲಿ ಹಾಕಿ, ಅಧಿಕ ವರ್ಷದ ಅಭ್ಯಾಸವನ್ನೇ ತೆಗೆದುಕೊಂಡು ಔಟ್‌ಪುಟ್ ಓದುವ ಬಗೆ ತೋರಿಸಿದೆ. ಚುಕ್ಕಿ ಎಂದರೆ ಪಾಸು, 'ಎಫ್' ಎಂದರೆ ಫೇಲು. 'ಇ' ಅಕ್ಷರದಿಂದ ಶುರುವಾಗುವ ಸಾಲಿನಲ್ಲಿ ಜೀವ ಇರುವುದು. 4ರಿಂದ ಭಾಗವಾಗುತ್ತದೋ ಎಂದಷ್ಟೇ ನೋಡಿದ ಕೋಡಿಗೆ 1900 ಕೊಟ್ಟರೆ ಆ ಸಾಲು 'ಅಸರ್ಟ್ ಟ್ರೂ ಈಸ್ ಫಾಲ್ಸ್' ಎನ್ನುತ್ತದೆ: ನಿಮ್ಮ ಕೋಡು ಹೌದು ಎಂದಿತು, ಟೆಸ್ಟ್ ಬಯಸಿದ್ದು ಅಲ್ಲ ಎಂದು. ನೂರರ ವರ್ಷ ಅಧಿಕ ವರ್ಷವಾಗಲು 400ರಿಂದಲೂ ಭಾಗವಾಗಬೇಕು. 2000 ಆಗುತ್ತದೆ, 1900 ಆಗುವುದಿಲ್ಲ.

ಟ್ರೂ ಇರಬೇಕಾದ ಕಡೆ 'ನನ್' ಕಂಡರೆ ಫಂಕ್ಷನ್ ಏನನ್ನೂ ಹಿಂತಿರುಗಿಸಿಲ್ಲ ಎಂದರ್ಥ. ನಮ್ಮ ಮಕ್ಕಳಲ್ಲಿ ಬಹುಪಾಲು ಇಲ್ಲೇ ಸಿಕ್ಕಿಕೊಳ್ಳುವುದು: ರಿಟರ್ನ್ ಬರೆಯುವ ಜಾಗದಲ್ಲಿ ಪ್ರಿಂಟ್ ಬರೆದು, ಉತ್ತರ ಕಣ್ಣಿಗೆ ಕಾಣುತ್ತಿದ್ದರೂ ಯಾಕೆ ಫೇಲ್ ಎಂದು ಒದ್ದಾಡುತ್ತಾರೆ. ಪ್ರಿಂಟ್ ಮಾಡಿದ್ದನ್ನು ಪೈಟೆಸ್ಟ್ ಹಿಡಿದಿಟ್ಟುಕೊಂಡು, ಫೇಲಾದ ಟೆಸ್ಟಿನ ಕೆಳಗೆ ಮಾತ್ರ ತೋರಿಸುತ್ತದೆ. ಯಾವಾಗಲೂ ಕಾಣಬೇಕಾದರೆ '-ಎಸ್' ಸೇರಿಸಬೇಕು. ಪರದೆ ತುಂಬ ಕೆಂಪು ಕಂಡು ದಿಗಿಲಾಗುವವರಿಗೆ '-ಎಕ್ಸ್' ಹೇಳಿದೆ, ಮೊದಲ ಫೇಲಿಗೇ ನಿಲ್ಲುತ್ತದೆ. ಬೇರೆ ಆಯ್ಕೆಗಳನ್ನೆಲ್ಲ ಬೇಕೆಂದೇ ಬಿಟ್ಟೆ.

ಈ ಭಾಗವನ್ನು ಫೋಲ್ಡರಿಂದ ಫೋಲ್ಡರಿಗೆ ಕೈಯಲ್ಲಿ ನಕಲು ಮಾಡಲಿಲ್ಲ. ಮೂಲ ಪಠ್ಯ ಒಂದೇ ಕಡೆ ಇದೆ; ಫೈಲಿನ ಹೆಸರು ತುಂಬಿ ಎಲ್ಲ ಕಡೆ ಹಾಕುವುದು ಒಂದು ಪುಟ್ಟ ಸ್ಕ್ರಿಪ್ಟ್. ಕೋಡಿಂಗ್ ಅಭ್ಯಾಸಗಳ ತಾಣವಾದ ಎಕ್ಸರ್ಸಿಸಂನಲ್ಲಿ ಅಭ್ಯಾಸ ಇಳಿಸಿಕೊಂಡರೆ ರೀಡ್‌ಮಿ ಜೊತೆ ಹೆಲ್ಪ್ ಎಂಬ ಬೇರೆ ಫೈಲ್ ಬರುತ್ತದೆ, ಟೆಸ್ಟ್ ಓಡಿಸುವುದು ಅದರಲ್ಲಿರುತ್ತದೆ. ನಾನು ಬೇರೆ ಮಾಡಲಿಲ್ಲ, ಎರಡನೆಯ ಫೈಲನ್ನು ನಮ್ಮ ಹುಡುಗರು ತೆರೆಯುವುದೇ ಕಡಿಮೆ.

ಈಗ ಆ ಭಾಗದ ಕೊನೆಯ ಸಾಲು ಹೀಗಿದೆ: "ಸಿಕ್ಕಿಕೊಂಡರೆ ಪರದೆಯ ಫೋಟೊ ಬೇಡ, 'ಇ' ಸಾಲುಗಳನ್ನು ಕಾಪಿ ಮಾಡಿ ಕಳಿಸಿ." ಕಳಿಸುತ್ತಿದ್ದಾರೆ. ಆ ಸಾಲು ನೋಡಿದರೆ ಸಾಕು, ಯಾವ ಕಡೆ ಎಡವಿದ್ದಾರೆಂದು ಫೋನಿನಲ್ಲೇ ಹೇಳಬಹುದು.