ಹತ್ತು ನಿಮಿಷಕ್ಕೊಂದು ಬಸ್ಸು: ವೇಳಾಪಟ್ಟಿ ಬರೆದವನ ಅನುಭವ

ಬೆಂಗಳೂರಿನಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ನಡುವಿನ 500-ಡಿ ಬಸ್ಸು ಹತ್ತುವವರು ವೇಳಾಪಟ್ಟಿ ನೋಡಿ ಮನೆ ಬಿಡುವುದಿಲ್ಲ. ಒಂದು ತಪ್ಪಿದರೆ ಹಿಂದೆಯೇ ಇನ್ನೊಂದು ಬರುತ್ತದೆಂಬ ಧೈರ್ಯ ಅವರಿಗಿದೆ. ಹೊಸ ಬಸ್ಸು ಕೊಳ್ಳದೆಯೇ ಆ ಧೈರ್ಯವನ್ನು ಬೇರೊಂದು ನಗರದ ಒಂದು ದಾರಿಗೆ ತರುವ ಕೆಲಸ, ಬಸ್ಸುಗಳ ವೇಳಾಪಟ್ಟಿ ಹಾಕುವ ಶೆಡ್ಯೂಲ್ ವಿಭಾಗದಲ್ಲಿದ್ದಾಗ ನನ್ನ ಪಾಲಿಗೆ ಬಂದಿತ್ತು.

ಅಲ್ಲಿ 14 ಬಸ್ಸುಗಳಿದ್ದವು, ಆದರೆ 8 ಮಾರ್ಗಸಂಖ್ಯೆಗಳಲ್ಲಿ ಹಂಚಿಹೋಗಿದ್ದವು. ಪ್ರತಿ ಬಡಾವಣೆಯೂ ಎಂದೋ ಕೇಳಿ ಪಡೆದ ‘ನೇರ ಬಸ್ಸು’ ಅದು. ಮುಖ್ಯರಸ್ತೆಯಲ್ಲಿ ನಿಂತವರ ಎದುರು ಮೂರು ಬಸ್ಸುಗಳು ಒಟ್ಟಿಗೆ ಹಾದುಹೋಗಿ, ಆಮೇಲೆ ಅರ್ಧ ಗಂಟೆ ಒಂದೂ ಸುಳಿಯುತ್ತಿರಲಿಲ್ಲ. ಮುಖ್ಯರಸ್ತೆಯಿಂದ ಬಡಾವಣೆಗಳಿಗೆ ಒಡೆಯುತ್ತಿದ್ದ ಕವಲುಗಳನ್ನು ಕಡಿದು, ಎಲ್ಲವನ್ನೂ ಒಂದೇ ಸಂಖ್ಯೆಯಡಿ ತಂದೆ.

ಮೊದಲ ಸಲ ಎಡವಿದೆ. ಟ್ರಿಪ್‌ಗಳ ಸಮಯ ನಮೂದಿಸುವ ಹಳೆಯ ಫಾರಂ-4ರಲ್ಲಿ ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಒಂದೇ ಓಟದ ಅವಧಿ ಬರೆದಿದ್ದು, ನಾನು ಅದನ್ನೇ ನಂಬಿದ್ದೆ. ತಡವಾದ ಬಸ್ಸಿಗೆ ಪ್ರತಿ ನಿಲ್ದಾಣದಲ್ಲೂ ಹೆಚ್ಚು ಜನ ಕಾದಿರುತ್ತಾರೆ, ಅವರು ಹತ್ತುವಷ್ಟರಲ್ಲಿ ಅದು ಇನ್ನಷ್ಟು ತಡವಾಗುತ್ತದೆ, ಹಿಂದಿನ ಬಸ್ಸು ಖಾಲಿಯಾಗಿ ಓಡಿಬಂದು ಅದರ ಬೆನ್ನು ಹಿಡಿಯುತ್ತದೆ. 10 ನಿಮಿಷಕ್ಕೊಂದು ಸಮನಾಗಿ ಬಂದರೆ ಪ್ರಯಾಣಿಕ ಸರಾಸರಿ 5 ನಿಮಿಷ ಕಾಯುತ್ತಾನೆ. ಅವೇ ಬಸ್ಸುಗಳು ಜೋಡಿಯಾಗಿ 20 ನಿಮಿಷಕ್ಕೊಮ್ಮೆ ಬಂದರೆ, ಡೀಸೆಲ್ ಅಷ್ಟೇ ಸುಟ್ಟರೂ, ಕಾಯುವುದು 10 ನಿಮಿಷ.

ಆಮೇಲೆ ಎರಡು ವಾರ ನಾನೇ ಬಸ್ಸಿನಲ್ಲಿ ಕುಳಿತು ಸಮಯ ಬರೆದುಕೊಂಡೆ. ಹೋಗಿಬರಲು ಮಧ್ಯಾಹ್ನ 120 ನಿಮಿಷ, ಸಂಜೆ 150 ನಿಮಿಷ ಬೇಕಿತ್ತು. ಇವು ಸರಾಸರಿಯಲ್ಲ, ಹತ್ತರಲ್ಲಿ ಎಂಟೊಂಬತ್ತು ಟ್ರಿಪ್‌ಗಳಿಗೆ ಸಾಕಾಗುವ ಅವಧಿ. ಸರಾಸರಿಯನ್ನು ಹಿಡಿದರೆ ಹೆಚ್ಚುಕಡಿಮೆ ಅರ್ಧದಷ್ಟು ಟ್ರಿಪ್‌ಗಳು ತಡವಾಗುವುದು ಖಚಿತ. ಎರಡೂ ತುದಿಗಳ ವಿರಾಮ ಸೇರಿಸಿ ಮಧ್ಯಾಹ್ನ 140 ನಿಮಿಷ ಇಟ್ಟೆ. 14 ಬಸ್ಸಿಗೆ ಭಾಗಿಸಿದರೆ ಹತ್ತು ನಿಮಿಷಕ್ಕೊಂದು. ಸಂಜೆ 168 ನಿಮಿಷವಾದ್ದರಿಂದ ಹನ್ನೆರಡು ನಿಮಿಷಕ್ಕೊಂದು ಎಂದು ಫಲಕದಲ್ಲೇ ಬರೆಸಿದೆ. ಸುಳ್ಳು ಹತ್ತಕ್ಕಿಂತ ನಿಜದ ಹನ್ನೆರಡು ಮೇಲು ಎಂಬುದು ನನ್ನ ವಾದವಾಗಿತ್ತು.

ಹೆಚ್ಚು ಜಗಳವಾದದ್ದು ವಿರಾಮದ ಬಗ್ಗೆ. ನಿಂತ ಬಸ್ಸಿನಿಂದ ಆದಾಯವೇನು ಎಂದು ಮೇಲಿನವರು ಕೇಳಿದರು. ಪ್ರತಿ ತುದಿಯಲ್ಲಿ ಸಿಗುವ ಆ ಒಂಬತ್ತು-ಹತ್ತು ನಿಮಿಷಗಳಿಲ್ಲದಿದ್ದರೆ ಒಂದು ಟ್ರಿಪ್‌ನ ತಡ ಮುಂದಿನದಕ್ಕೆ ದಾಟಿ, ರಾತ್ರಿಯ ಹೊತ್ತಿಗೆ ಕೊನೆಯ ಟ್ರಿಪ್ಪೇ ರದ್ದಾಗುತ್ತದೆ. ಚಾಲಕ-ನಿರ್ವಾಹಕರಿಗೆ ಊಟವಿರಲಿ, ಶೌಚಾಲಯಕ್ಕೂ ಬಿಡುವು ಸಿಗುವುದಿಲ್ಲ. ತುದಿಯ ನಿಲ್ದಾಣದ ಸಂಚಾರ ನಿಯಂತ್ರಕರಿಗೆ, ಎಲ್ಲ ಅಸ್ತವ್ಯಸ್ತವಾದ ದಿನ ಗಡಿಯಾರವನ್ನು ಬಿಟ್ಟು ಹಿಂದಿನ ಬಸ್ಸು ಹೊರಟು ಎಷ್ಟು ನಿಮಿಷವಾಯಿತೆಂದು ನೋಡಿ ಮುಂದಿನದನ್ನು ಬಿಡಿ ಎಂದು ಹೇಳಿದೆ. ಅದೊಂದೇ ಸೂಚನೆಯಿಂದ ಜೋಡಿ ಬಸ್ಸುಗಳು ಬಹಳ ಕಡಿಮೆಯಾದವು.

ಕವಲು ಕಳೆದುಕೊಂಡವರು ಮಾತ್ರ ಸುಮ್ಮನಿರಲಿಲ್ಲ. “ನಿಮ್ಮ ಹತ್ತು ನಿಮಿಷದ ಬಸ್ಸು ಹಿಡಿಯೋಕೆ ನಾನು ಇಪ್ಪತ್ತು ನಿಮಿಷ ನಡೀಬೇಕಲ್ಲ ಸಾರ್” ಎಂದು ವಯಸ್ಸಾದ ಹೂವಿನ ವ್ಯಾಪಾರಿಯೊಬ್ಬರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಆ ಕವಲಿಗೆ ನಸುಕಿನಲ್ಲಿ ಎರಡು ಟ್ರಿಪ್‌ಗಳನ್ನು ಮರಳಿ ಹಾಕಿದೆ. ಉಳಿದ ಬಡಾವಣೆಗಳ ಅರ್ಜಿಗಳು ನಾನು ವರ್ಗವಾಗುವವರೆಗೂ ಮೇಜಿನ ಮೇಲೆಯೇ ಇದ್ದವು.